ಹೊಸದಾಗಿ ಕಟ್ಟಿದ ಪರ್ಫಾರ್ಮೆನ್ಸ್ ಎಂಜಿನ್‌ಗೆ ಮೊದಲ ಆಯಿಲ್: ಯಾವುದು ಹಾಕಬೇಕು, ಯಾವಾಗ ಬದಲಿಸಬೇಕು

ಪುಣೆ, ಮುಂಬೈ, ಗೋವಾದಲ್ಲಿರುವ ನಮ್ಮವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಎಂಜಿನ್ ಇಳಿಸಿ ಬೋರ್ ಮಾಡಿಸಿದೆ, ಫೋರ್ಜ್ಡ್ ಪಿಸ್ಟನ್ ಹಾಕಿಸಿದೆ, ರಿಂಗು ಬೇರಿಂಗು ಎಲ್ಲಾ ಹೊಸದು, ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದುಬಾರಿ ಫುಲ್ ಸಿಂಥೆಟಿಕ್ ಆಯಿಲ್ ಸುರಿದೆ, ಸಾವಿರ ಕಿಲೋಮೀಟರ್ ತುಂಬಾ ಜೋಪಾನವಾಗಿ ಓಡಿಸಿದೆ, ಆದರೂ ಆಯಿಲ್ ಕುಡಿಯುತ್ತಿದೆ, ಹಿಂದೆ ನೀಲಿ ಹೊಗೆ ಬರುತ್ತಿದೆ, ಯಾಕೆ?

ಉತ್ತರ ಬಹಳ ಸಲ ಆ ಪ್ರಶ್ನೆಯೊಳಗೇ ಇರುತ್ತದೆ. ದುಬಾರಿ ಆಯಿಲನ್ನು ಮೊದಲ ದಿನವೇ ಹಾಕಿದ್ದು ಒಂದು. ಜೋಪಾನ ಅಂತ ಲೋಡ್ ಕೊಡದೆ ಓಡಿಸಿದ್ದು ಇನ್ನೊಂದು.

ಹೋನಿಂಗ್ ಮಾಡಿದ, ಅಂದರೆ ಸಾಣೆಕಲ್ಲಿನಲ್ಲಿ ಉಜ್ಜಿದ, ಬೋರ್ (ಪಿಸ್ಟನ್ ಓಡಾಡುವ ಕೊಳವೆ) ಒಳಗೆ ಟಾರ್ಚ್ ಬಿಟ್ಟು ನೋಡಿ. ಒಂದನ್ನೊಂದು ಕತ್ತರಿಸುವ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ. ಆ ಗೆರೆಗಳ ನಡುವಿನ ಚೂಪು ಏಣುಗಳ ಮೇಲೆ ಪಿಸ್ಟನ್ ಸುತ್ತಲಿನ ರಿಂಗ್ ಉಜ್ಜಿ, ಏಣು ಸವೆದು, ಎರಡೂ ಒಂದಕ್ಕೊಂದು ಹೊಂದಿಕೊಳ್ಳಬೇಕು. ಇದಕ್ಕೇ ರಿಂಗ್ ಕೂರುವುದು ಅನ್ನುತ್ತಾರೆ. ರಿಂಗನ್ನು ಬೋರ್ ಕಡೆಗೆ ಒತ್ತುವುದು ಅದರ ಸ್ವಂತ ಸ್ಪ್ರಿಂಗ್ ಬಲಕ್ಕಿಂತ ಜಾಸ್ತಿ ಅದರ ಹಿಂದೆ ಸೇರುವ ದಹನದ ಗ್ಯಾಸ್. ಲೋಡ್ ಇಲ್ಲದಿದ್ದರೆ ಒತ್ತಡ ಇಲ್ಲ. ಆಯಿಲ್ ತೀರಾ ಜಾರುವಂಥದ್ದಾದರೆ ಉಜ್ಜುವಿಕೆಯೂ ಇಲ್ಲ. ಆಮೇಲೆ ಆ ಗೆರೆಗಳಲ್ಲಿ ಆಯಿಲ್ ಸುಟ್ಟು ಗಾಜಿನಂಥ ಪದರ ಕಟ್ಟುತ್ತದೆ. ಇದು ಗ್ಲೇಜ್. ಒಮ್ಮೆ ಗ್ಲೇಜ್ ಆದ ಬೋರ್ ಮೇಲೆ ರಿಂಗ್ ಕೂರುವುದು ಬಹಳ ಕಷ್ಟ. ಈ ಕೆಲಸಕ್ಕೆ ಸಿಗುವ ಸಮಯ ಮೊದಲ ಕೆಲವು ಗಂಟೆ ಮಾತ್ರ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಹಂತ 1: ಆಯಿಲ್ ಅಂಗಡಿಗಿಂತ ಮೊದಲು ಲೇತ್ ಅಂಗಡಿಗೆ

ಆಯಿಲ್ ಆರಿಸುವುದು ಬ್ರ್ಯಾಂಡ್ ನೋಡಿ ಅಲ್ಲ, ಎಂಜಿನ್ ನೋಡಿ. ಬೋರಿಂಗ್ ಮಾಡಿದವರ ಹತ್ತಿರ ಮತ್ತು ಎಂಜಿನ್ ಕಟ್ಟಿದವರ ಹತ್ತಿರ ನಾಲ್ಕು ವಿಷಯ ಕೇಳಿ ಬರೆದುಕೊಳ್ಳಿ.

ಮೊದಲನೆಯದು ಕ್ಯಾಮ್ (ವಾಲ್ವ್ ತೆರೆಸುವ ಉಬ್ಬುಗಳಿರುವ ದಂಡ, ಆ ಉಬ್ಬೇ ಲೋಬ್) ಮತ್ತು ಟ್ಯಾಪೆಟ್ (ಲೋಬ್ ಒತ್ತುವ ಭಾಗ) ಯಾವ ಥರದ್ದು. ಲೋಬ್ ಮೇಲೆ ಲೋಹ ನೇರವಾಗಿ ಉಜ್ಜುತ್ತದೆಯೋ ಅಥವಾ ನಡುವೆ ರೋಲರ್ ಇದೆಯೋ? ಪದ್ಮಿನಿ, ಅಂಬಾಸಡರ್ ಥರದ ಹಳೆ ಪುಶ್‌ರಾಡ್ ಎಂಜಿನ್‌ಗಳಲ್ಲಿ (ಕ್ಯಾಮ್ ಕೆಳಗಿದ್ದು ಉದ್ದ ಕಡ್ಡಿಯ ಮೂಲಕ ವಾಲ್ವ್ ತೆರೆಸುವಂಥವು) ಫ್ಲ್ಯಾಟ್ ಟ್ಯಾಪೆಟ್, ಅಂದರೆ ನೇರವಾಗಿ ಉಜ್ಜುವಂಥದ್ದು. ಈಗಿನ ಫೋಕ್ಸ್‌ವ್ಯಾಗನ್ ಟಿಎಸ್‌ಐ ಥರದ ಎಂಜಿನ್‌ಗಳಲ್ಲಿ ರೋಲರ್. ಝೆನ್, ಎಸ್ಟೀಮ್ ಕಾಲದ ಓವರ್‌ಹೆಡ್ ಕ್ಯಾಮ್ (ಕ್ಯಾಮ್ ಮೇಲೆ ಹೆಡ್‌ನಲ್ಲೇ ಇರುವ) ಎಂಜಿನ್‌ಗಳು ಇವೆರಡರ ನಡುವೆ ಬರುತ್ತವೆ: ಉಜ್ಜುವಿಕೆ ಇದೆ, ಆದರೆ ಪುಶ್‌ರಾಡ್‌ನಷ್ಟು ಕಠಿಣ ಅಲ್ಲ.

ಎರಡನೆಯದು ರಿಂಗ್ ಯಾವ ಲೋಹದ್ದು ಮತ್ತು ಕೊನೆಯ ಹೋನಿಂಗ್ ಎಷ್ಟು ಗ್ರಿಟ್ ಕಲ್ಲಿನಲ್ಲಿ ಆಯಿತು. ಮಾಲಿಬ್ಡಿನಮ್ ಲೇಪದ ರಿಂಗ್‌ಗೆ ಸಾಮಾನ್ಯವಾಗಿ 280ರಿಂದ 400 ಗ್ರಿಟ್. ಕ್ರೋಮ್ ರಿಂಗ್ ಕೂರಲು ಜಾಸ್ತಿ ಸಮಯ ತೆಗೆದುಕೊಳ್ಳುತ್ತದೆ. ರಿಂಗ್ ಡಬ್ಬದೊಳಗೆ ಒಂದು ಚೀಟಿ ಇರುತ್ತದೆ. ಅದನ್ನು ಎಸೆಯಬೇಡಿ. ರಿಂಗ್ ಕಂಪನಿ ಬೇರೆ ರೀತಿ ಹೇಳಿದ್ದರೆ ನಾನು ಇಲ್ಲಿ ಬರೆದಿದ್ದನ್ನು ಬಿಟ್ಟು ಅವರು ಹೇಳಿದ್ದನ್ನೇ ಮಾಡಿ.

ಮೂರನೆಯದು ಬೇರಿಂಗ್ ಕ್ಲಿಯರೆನ್ಸ್, ಅಂದರೆ ಬೇರಿಂಗ್ ಮತ್ತು ಅದರೊಳಗೆ ತಿರುಗುವ ಜರ್ನಲ್ ನಡುವಿನ ಸಂದು. ಹಳೆಯ ಲೆಕ್ಕದ ಪ್ರಕಾರ ಜರ್ನಲ್ ವ್ಯಾಸದ ಸಾವಿರದಲ್ಲಿ ಒಂದು ಪಾಲು. ಅಂದರೆ 50 ಮಿ.ಮೀ. ಜರ್ನಲ್‌ಗೆ ಸುಮಾರು 0.05 ಮಿ.ಮೀ. ಮೇನ್ (ಕ್ರಾಂಕ್ ಕೂರುವ ಬೇರಿಂಗ್) ಎಷ್ಟು, ಬಿಗ್ ಎಂಡ್ (ಕನೆಕ್ಟಿಂಗ್ ರಾಡ್‌ನ ಬೇರಿಂಗ್) ಎಷ್ಟು ಅಂತ ಬೇರೆ ಬೇರೆ ಕೇಳಿ. ‘ಎಲ್ಲಾ ಸ್ಟ್ಯಾಂಡರ್ಡ್ ಇದೆ ಸರ್’ ಅಂದರೆ ಪ್ಲಾಸ್ಟಿಗೇಜ್ (ಸಂದು ಅಳೆಯುವ ಮೆತ್ತನೆ ಎಳೆ) ಇಟ್ಟು ಅಳೆದಿದ್ದಾರಾ ಅಂತ ಕೇಳಿ. ಅಳೆಯದೆ ಆಯಿಲ್ ಗ್ರೇಡ್ ಆರಿಸುವುದು ಸುಮ್ನೆ ಊಹೆ.

ನಾಲ್ಕನೆಯದು ಕಾರಿಗೆ ಟರ್ಬೋ ಇದೆಯಾ, ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ಹೊಗೆ ಶುದ್ಧ ಮಾಡುವ ಭಾಗ) ಇದೆಯಾ ಅನ್ನುವುದು. ಇದು ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ.

ಅಲ್ಲೇ ಇನ್ನೊಂದು ಪರೀಕ್ಷೆ ಮಾಡಿ. ಹೋನಿಂಗ್ ಆದ ಬೋರನ್ನು ಬಿಳಿ ಹತ್ತಿ ಬಟ್ಟೆಗೆ ಸ್ವಲ್ಪ ಆಯಿಲ್ ಹಚ್ಚಿ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಹೋನಿಂಗ್ ಕಲ್ಲಿನ ಪುಡಿ ಇನ್ನೂ ಗೆರೆಗಳಲ್ಲೇ ಇದೆ. ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆದರೆ ಅದು ಹೋಗುವುದಿಲ್ಲ. ಬಿಸಿನೀರು, ಸೋಪಿನ ಪುಡಿ, ಗಟ್ಟಿ ಬ್ರಷ್ ಹಾಕಿ ತಿಕ್ಕಬೇಕು, ಒಣಗಿಸಬೇಕು, ತಕ್ಷಣ ಆಯಿಲ್ ಸವರಬೇಕು. ಇಲ್ಲಾಂದ್ರೆ ಮುಂಬೈ, ಗೋವಾದ ತೇವಕ್ಕೆ ಸ್ವಲ್ಪ ಹೊತ್ತಿನಲ್ಲೇ ತುಕ್ಕಿನ ಮಬ್ಬು ಬರುತ್ತದೆ. ಬಟ್ಟೆ ಬೆಳ್ಳಗೇ ಉಳಿಯುವವರೆಗೆ ಇದನ್ನು ಮತ್ತೆ ಮತ್ತೆ ಮಾಡಿ. ಈ ಪುಡಿ ಒಳಗೆ ಉಳಿದರೆ ಜಗತ್ತಿನ ಯಾವ ಆಯಿಲೂ ನಿಮ್ಮ ಬೇರಿಂಗ್ ಉಳಿಸಲಾರದು.

ಹಂತ 2: ಸಾಮಾನು ಮೊದಲೇ ಕೂಡಿಸಿಡಿ

ಮಧ್ಯದಲ್ಲಿ ಅಂಗಡಿಗೆ ಓಡುವ ಕೆಲಸ ಇದಲ್ಲ. ಚೇಂಬರ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿ) 3.5 ಲೀಟರ್ ಹಿಡಿಯುವ ಎಂಜಿನ್ ಆದರೆ ರನ್ನಿಂಗ್-ಇನ್ ಆಯಿಲೇ (ಹೊಸ ಎಂಜಿನ್ ಹೊಂದಿಕೊಳ್ಳುವವರೆಗೆ ಹಾಕುವ ಆಯಿಲ್) ಸುಮಾರು 11 ಲೀಟರ್ ಬೇಕು, ಯಾಕೆಂದರೆ ಮೂರು ಸಲ ತುಂಬಬೇಕು. ಜೊತೆಗೆ:

- ನಾಲ್ಕು ಆಯಿಲ್ ಫಿಲ್ಟರ್, ಒಳ್ಳೆಯ ಕಂಪನಿಯವು
- ಮ್ಯಾಗ್ನೆಟ್ ಇರುವ ಡ್ರೈನ್ ಪ್ಲಗ್, ಹೊಸ ವಾಷರ್‌ಗಳು
- ಪೈಪ್ ಜೋಡಿಸುವ ಮುಳ್ಳಿನ ಆಯಿಲ್ ಪ್ರೆಶರ್ ಗೇಜ್ (ಡ್ಯಾಶ್‌ಬೋರ್ಡಿನ ಕೆಂಪು ದೀಪ ನಂಬಬೇಡಿ, ಅದು ಉರಿಯುವಷ್ಟರಲ್ಲಿ ತಡವಾಗಿರುತ್ತದೆ)
- ಫಿಲ್ಟರ್ ಕತ್ತರಿಸುವ ಕಟರ್
- ದೂರದಿಂದ ಬಿಸಿ ಅಳೆಯುವ ಥರ್ಮಾಮೀಟರ್
- ಕಂಪ್ರೆಷನ್ ಗೇಜ್, ಸಾಧ್ಯವಾದರೆ ಲೀಕ್‌ಡೌನ್ ಟೆಸ್ಟರ್ (ಸಿಲಿಂಡರ್‌ನಿಂದ ಎಷ್ಟು ಗಾಳಿ ಸೋರುತ್ತದೆ ಅಂತ ಅಳೆಯುವುದು)
- ಬೆಂಕಿ ಆರಿಸುವ ಸಿಲಿಂಡರ್

ಹ್ಯಾಕ್ಸಾದಲ್ಲಿ ಫಿಲ್ಟರ್ ಕತ್ತರಿಸಬೇಡಿ. ಗರಗಸದ ಪುಡಿ ಒಳಗೆ ಬಿದ್ದು ಯಾವ ಲೋಹ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ.

ಬಿಡಿಭಾಗಕ್ಕೆ ಪುಣೆಯವರು ನಾನಾ ಪೇಠ್‌ಗೆ, ಮುಂಬೈನವರು ಕುರ್ಲಾದ ಸಿಎಸ್‌ಟಿ ರೋಡಿಗೆ ಹೋಗುತ್ತೀರಿ, ಸರಿ. ಗೇಜು, ವಾಷರು, ಕಟರು ಅಲ್ಲಿ ಧಾರಾಳ ಸಿಗುತ್ತವೆ. ಆದರೆ ಆಯಿಲ್ ಮಾತ್ರ ಕಂಪನಿಯ ಅಧಿಕೃತ ಡೀಲರ್ ಹತ್ತಿರವೇ ಬಿಲ್ ಸಮೇತ ತೆಗೆದುಕೊಳ್ಳಿ. ಮುಚ್ಚಳದ ಸೀಲ್, ಅದರ ಕೆಳಗಿನ ಫಾಯಿಲ್, ಬ್ಯಾಚ್ ನಂಬರ್, ತಯಾರಾದ ತಾರೀಕು ನೋಡಿ. ಮೂರು ಕ್ಯಾನ್ ತಗೊಂಡರೆ ಮೂರರದ್ದೂ ಅಕ್ಷರದ ಅಚ್ಚು, ಮುಚ್ಚಳದ ಬಣ್ಣ ಹೊಂದುತ್ತದಾ ಅಂತ ಅಕ್ಕಪಕ್ಕ ಇಟ್ಟು ನೋಡಿ. ಡುಪ್ಲಿಕೇಟ್ ಮಾಲು ತುಂಬುವುದು ಖಾಲಿ ಅಸಲಿ ಕ್ಯಾನ್‌ಗಳಲ್ಲೇ. ಹಾಗಾಗಿ ನಿಮ್ಮ ಖಾಲಿ ಕ್ಯಾನ್‌ಗೆ ತೂತು ಹೊಡೆದೇ ಗುಜರಿಗೆ ಹಾಕಿ.

ಹಂತ 3: ರನ್ನಿಂಗ್-ಇನ್ ಆಯಿಲ್ ಆರಿಸುವುದು

ಹೆಚ್ಚು ಜನ ಎಡವುವುದು ಇಲ್ಲೇ. ನಿಧಾನವಾಗಿ ಓದಿ.

ಬೇಕಾಗಿರುವುದು ಮಿನರಲ್ ಬೇಸ್ ಆಯಿಲ್, ಅಂದರೆ ಸಿಂಥೆಟಿಕ್ ಅಲ್ಲದ ಸಾಮಾನ್ಯ ಆಯಿಲ್. ಅದರಲ್ಲಿ ಘರ್ಷಣೆ ಕಡಿಮೆ ಮಾಡುವ ಫ್ರಿಕ್ಷನ್ ಮಾಡಿಫೈಯರ್ ಇರಬಾರದು. ಸವೆತ ತಡೆಯುವ ಝಿಂಕ್, ಅಂದರೆ ಝಿಂಕ್ ಮತ್ತು ರಂಜಕ ಎರಡೂ ಇರುವ ಝಡ್‌ಡಿಡಿಪಿ ಎಂಬ ಸೇರ್ಪಡೆ, ಸಾಕಷ್ಟು ಇರಬೇಕು. ಈ ಎರಡರ ನಡುವಿನ ವ್ಯತ್ಯಾಸ ಮುಖ್ಯ. ಫ್ರಿಕ್ಷನ್ ಮಾಡಿಫೈಯರ್ ಎಲ್ಲಾ ಕಡೆ ಜಾರುವಂತೆ ಮಾಡುತ್ತದೆ, ರಿಂಗ್ ಕೂರಲು ಬಿಡುವುದಿಲ್ಲ. ಝಿಂಕ್ ಹಾಗಲ್ಲ. ಲೋಹಕ್ಕೆ ಲೋಹ ಒತ್ತಿ ಬಿಸಿಯಾದ ಜಾಗದಲ್ಲಿ ಮಾತ್ರ ತೆಳುವಾದ ರಕ್ಷಣೆಯ ಪದರ ಕಟ್ಟುತ್ತದೆ, ಕ್ಯಾಮ್ ಲೋಬ್ ಉಳಿಸುತ್ತದೆ.

ಈಗಿನ ಎಪಿಐ (ಆಯಿಲ್‌ಗೆ ದರ್ಜೆ ಕೊಡುವ ಅಮೆರಿಕದ ಸಂಸ್ಥೆ) ಎಸ್‌ಎನ್, ಎಸ್‌ಪಿ ದರ್ಜೆಯ ತೆಳು ಆಯಿಲ್‌ಗಳಲ್ಲಿ, ಅಂದರೆ 0ಡಬ್ಲ್ಯೂ-20, 5ಡಬ್ಲ್ಯೂ-30, 10ಡಬ್ಲ್ಯೂ-30ರಲ್ಲಿ, ರಂಜಕದ ಪ್ರಮಾಣ 0.08 ಶೇಕಡಾ, ಅಂದರೆ 800 ಪಿಪಿಎಂ ಮೀರಬಾರದು ಅಂತ ಮಿತಿ ಇದೆ. ರಂಜಕ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತದೆ, ಅದಕ್ಕೇ ಈ ಮಿತಿ. ರಂಜಕ ಬರುವುದು ಝಿಂಕ್ ಜೊತೆಗೇ ಆದ್ದರಿಂದ ಝಿಂಕೂ ಕಡಿಮೆ. ರೋಲರ್ ಎಂಜಿನ್‌ಗೆ ಅಷ್ಟು ಸಾಕು. ಹೊಸ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್‌ಗೆ ಸಾಲದು.

ಕ್ಯಾನಿನ ಹಿಂಬದಿಯಲ್ಲಿ ಎಪಿಐನ ದುಂಡು ಮುದ್ರೆ ಇರುತ್ತದೆ. ಅದರ ಮೇಲಿನ ಅರ್ಧದಲ್ಲಿ ದರ್ಜೆ, ನಡುವೆ ಗ್ರೇಡ್, ಕೆಳಗಿನ ಅರ್ಧ ಕೆಲವು ಸಲ ಖಾಲಿ, ಕೆಲವು ಸಲ ‘ರಿಸೋರ್ಸ್ ಕನ್ಸರ್ವಿಂಗ್’ ಅಂತ ಬರೆದಿರುತ್ತದೆ. ಹಾಗೆ ಬರೆದಿದ್ದರೆ ಇಂಧನ ಉಳಿಸಲು ಘರ್ಷಣೆ ಇಳಿಸಿದ ಆಯಿಲ್ ಅಂತ ಅರ್ಥ. ಅದು ಈ ಕೆಲಸಕ್ಕೆ ಬೇಡ, ವಾಪಸ್ ಇಡಿ.

ಫ್ಲ್ಯಾಟ್ ಟ್ಯಾಪೆಟ್ ಎಂಜಿನ್‌ಗೆ ‘ಬ್ರೇಕ್-ಇನ್’ ಅಥವಾ ‘ರನ್ನಿಂಗ್-ಇನ್’ ಅಂತಲೇ ಬರೆದಿರುವ ಆಯಿಲ್ ತರಿಸಿಕೊಳ್ಳಿ. ಡ್ರಿವನ್, ಮಿಲ್ಲರ್ಸ್, ಲ್ಯೂಕಸ್ ಕಂಪನಿಗಳು ಇಂಥ ಆಯಿಲ್ ಮಾಡುತ್ತವೆ. ಬೆಲೆ ಜಾಸ್ತಿ ಅನ್ನಿಸಿದರೆ ಕ್ಯಾಮ್ ಮತ್ತು ಟ್ಯಾಪೆಟ್ ಮತ್ತೆ ಹಾಕಿಸುವ ಖರ್ಚು ನೆನಪಿಸಿಕೊಳ್ಳಿ. ಸಿಗಲೇ ಇಲ್ಲ ಅಂದರೆ ಡೀಸೆಲ್ ಗಾಡಿಗೆ ಹಾಕುವ ಎಪಿಐ ಸಿಐ-4 ದರ್ಜೆಯ ಮಿನರಲ್ 15ಡಬ್ಲ್ಯೂ-40. ನಮ್ಮ ಕಡೆಯ ಹಳೆ ಮಿಸ್ತ್ರಿಗಳು ಇದನ್ನೇ ಹಾಕುತ್ತಾರೆ, ಅದರಲ್ಲಿ ತಪ್ಪಿಲ್ಲ, ಝಿಂಕ್ ಚೆನ್ನಾಗಿರುತ್ತದೆ. ಆದರೆ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಪೆಟ್ರೋಲ್ ಕಾರಿನಲ್ಲಿ ಅದನ್ನೇ ಖಾಯಂ ಮುಂದುವರಿಸಬೇಡಿ.

ಓವರ್‌ಹೆಡ್ ಕ್ಯಾಮ್, ಟರ್ಬೋ ಇಲ್ಲದ ಎಂಜಿನ್‌ಗೆ ಮಿನರಲ್ 10ಡಬ್ಲ್ಯೂ-40 ಅಥವಾ 15ಡಬ್ಲ್ಯೂ-40 ಸಾಕು. ಹೊಸ ಕ್ಯಾಮ್ ಅಥವಾ ಗ್ರೈಂಡ್ ಮಾಡಿಸಿದ ಕ್ಯಾಮ್ ಹಾಕಿದ್ದರೆ ಮಾತ್ರ ಫ್ಲ್ಯಾಟ್ ಟ್ಯಾಪೆಟ್‌ನ ನಿಯಮವೇ ಇದಕ್ಕೂ. ಕೆಲವರು ಬೈಕಿನ ಜಾಸೋ ಎಂಎ ಆಯಿಲ್ ಹಾಕುತ್ತಾರೆ. ಬೈಕ್ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುವುದರಿಂದ ಅದರಲ್ಲಿ ಜಾರಿಸುವ ಸೇರ್ಪಡೆ ಇರುವುದಿಲ್ಲ. ಮಿನರಲ್ ಆಗಿದ್ದು ಗ್ರೇಡ್ ಹೊಂದಿದರೆ ಅಲ್ಪಾವಧಿಗೆ ನಡೆಯುತ್ತದೆ.

ರೋಲರ್ ಇರುವ ಟರ್ಬೋ ಎಂಜಿನ್‌ಗೆ ಸ್ವಲ್ಪ ಎಚ್ಚರ ಬೇಕು. ಇಲ್ಲಿ ಕ್ಯಾಮ್ ಚಿಂತೆ ಇಲ್ಲ, ರಿಂಗ್ ಚಿಂತೆ ಮಾತ್ರ. ಟರ್ಬೋ ಬೇರಿಂಗ್ ಹತ್ತಿರ ಮಿನರಲ್ ಆಯಿಲ್ ಬೇಗ ಸುಟ್ಟು ಕರಿ ಕಟ್ಟುತ್ತದೆ. ಅದಕ್ಕೆ ಮಿನರಲ್ ಅಥವಾ ಸೆಮಿ ಸಿಂಥೆಟಿಕ್ ಹಾಕಿ, ಬೂಸ್ಟ್ (ಟರ್ಬೋ ತಳ್ಳುವ ಗಾಳಿಯ ಒತ್ತಡ) ಕಡಿಮೆ ಇಟ್ಟು, ಪ್ರತಿ ಸಲ ಆಫ್ ಮಾಡುವ ಮೊದಲು ಒಂದೆರಡು ನಿಮಿಷ ಐಡಲ್ ಬಿಡಿ, ಮತ್ತು ಆಯಿಲನ್ನು ಬೇಗ ಬದಲಿಸಿ.

ಗ್ರೇಡ್ ವಿಷಯ. ‘ಹೊಸ ಎಂಜಿನ್, ದಪ್ಪ ಆಯಿಲ್ ಹಾಕು’ ಅನ್ನುವ ಸಲಹೆ ಎಲ್ಲಾ ಕಡೆ ಸಿಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಬಿಗಿ ಕ್ಲಿಯರೆನ್ಸ್ ಇರುವ ಎಂಜಿನ್‌ಗೆ 20ಡಬ್ಲ್ಯೂ-50 ಹಾಕಿದರೆ ಗೇಜ್‌ನಲ್ಲಿ ಪ್ರೆಶರ್ ಚೆನ್ನಾಗಿ ಕಾಣುತ್ತದೆ, ಹರಿವು ಕಡಿಮೆಯಾಗುತ್ತದೆ. ಬೇರಿಂಗ್ ತಂಪಾಗಿರುವುದು ಹರಿವಿನಿಂದ. ಹೋಂಡಾದ ವಿಟೆಕ್ ಥರದ, ವಾಲ್ವ್ ತೆರೆಯುವ ರೀತಿ ಬದಲಿಸುವ ವ್ಯವಸ್ಥೆ ಕೆಲಸ ಮಾಡುವುದೇ ಆಯಿಲ್ ಒತ್ತಡದಿಂದ, ಅದಕ್ಕೂ ಗ್ರೇಡ್ ಸರಿ ಇರಬೇಕು. ಕ್ಲಿಯರೆನ್ಸ್ 0.05 ಮಿ.ಮೀ. ಆಸುಪಾಸು ಇದ್ದರೆ 30 ಅಥವಾ 40 ಗ್ರೇಡ್ (ಡಬ್ಲ್ಯೂ ಆದ ಮೇಲೆ ಬರುವ ಅಂಕಿ). ರೇಸಿಗೆ ಅಂತ 0.07, 0.08 ಮಿ.ಮೀ. ಸಡಿಲ ಬಿಟ್ಟು ಕಟ್ಟಿದ್ದರೆ ಮಾತ್ರ 50. ಡಬ್ಲ್ಯೂಗೆ ಮೊದಲು ಬರುವ ಅಂಕಿ ಚಳಿಗೆ ಸಂಬಂಧಪಟ್ಟದ್ದು. ಪುಣೆಯ ಡಿಸೆಂಬರ್ ಬೆಳಗಿಗೂ 15ಡಬ್ಲ್ಯೂ ಧಾರಾಳ ಸಾಕು, ಮುಂಬೈ ಗೋವಾದಲ್ಲಿ ಆ ಪ್ರಶ್ನೆಯೇ ಇಲ್ಲ.

‘ಕಂಪನಿಯಿಂದ ಬರುವ ಹೊಸ ಕಾರಿನಲ್ಲೇ ಸಿಂಥೆಟಿಕ್ ಇರುತ್ತಲ್ಲ, ನಮ್ಮದಕ್ಕೆ ಯಾಕೆ ಬೇಡ?’ ಇದು ನ್ಯಾಯವಾದ ಪ್ರಶ್ನೆ. ಫ್ಯಾಕ್ಟರಿಯಲ್ಲಿ ಹೋನಿಂಗ್ ಎರಡು ಮೂರು ಹಂತಗಳಲ್ಲಿ ಆಗಿ, ಏಣುಗಳ ಚೂಪು ತುದಿಯನ್ನು ಅಲ್ಲೇ ತೆಗೆದಿರುತ್ತಾರೆ. ರಿಂಗ್ ಕೂರುವ ಕೆಲಸ ಅರ್ಧ ಮುಗಿದಿರುತ್ತದೆ. ನಿಮ್ಮ ಲೇತ್ ಅಂಗಡಿಯಲ್ಲೂ ಅಂಥ ಪ್ಲೇಟೋ ಹೋನಿಂಗ್ ಮಾಡಿದ್ದು, ಎಂಜಿನ್ ಕಟ್ಟಿದವರು ಸಿಂಥೆಟಿಕ್ ಹಾಕಿ ಅಂತ ಬರೆದುಕೊಟ್ಟರೆ ಹಾಕಿ. ಉಳಿದವರಿಗೆ ಮಿನರಲ್.

ಇನ್ನು ಬಾಟಲಿಯಲ್ಲಿ ಮಾರುವ ಝಿಂಕ್ ಸೇರ್ಪಡೆ, ‘ಎಂಜಿನ್ ಟ್ರೀಟ್‌ಮೆಂಟ್’ ಯಾವುದೂ ಸುರಿಯಬೇಡಿ. ರನ್ನಿಂಗ್-ಇನ್ ಆಯಿಲ್‌ನಲ್ಲಿ ಬೇಕಾದ್ದೆಲ್ಲಾ ಇದೆ. ಝಿಂಕ್ ಮಿತಿ ಮೀರಿದರೆ ಅದೇ ಕ್ಯಾಮ್ ಲೋಹವನ್ನು ತಿನ್ನಲು ಶುರು ಮಾಡುತ್ತದೆ.

ಹಂತ 4: ಕಟ್ಟುವಾಗ ಎಲ್ಲಿಗೆ ಏನು ಸವರಬೇಕು

ಬೇರಿಂಗ್ ಶೆಲ್‌ಗೆ ಅಂಟುವಂಥ ಅಸೆಂಬ್ಲಿ ಲ್ಯೂಬ್. ಫ್ಲ್ಯಾಟ್ ಟ್ಯಾಪೆಟ್‌ನ ತಳ ಮತ್ತು ಕ್ಯಾಮ್ ಲೋಬ್‌ಗೆ ಕಪ್ಪು ಮಾಲಿ (ಮಾಲಿಬ್ಡಿನಮ್) ಪೇಸ್ಟ್. ಪಿಸ್ಟನ್ ಮತ್ತು ಬೋರ್‌ಗೆ ರನ್ನಿಂಗ್-ಇನ್ ಆಯಿಲೇ, ಅದೂ ತೆಳುವಾಗಿ.

ಮಾಲಿ ಪೇಸ್ಟನ್ನು ರಿಂಗ್‌ಗೆ, ಬೋರ್‌ಗೆ ಮುಟ್ಟಿಸಲೇಬೇಡಿ. ಒಳ್ಳೆಯದಲ್ವಾ ಅಂತ ಎಲ್ಲಾ ಕಡೆ ಬಳಿಯುವ ಹುಡುಗರಿದ್ದಾರೆ. ಕೆಲಸ ನಡೆಯುವಾಗ ನೀವು ಅಲ್ಲೇ ಇರಿ.

ಹಂತ 5: ಸ್ಟಾರ್ಟ್ ಮಾಡುವ ಮೊದಲು ಪ್ರೆಶರ್ ಬರಿಸಿ

ಆಯಿಲ್ ತುಂಬಿ. ಫಿಲ್ಟರ್ ನೆಟ್ಟಗೆ ಕೂರುವಂಥದ್ದಾದರೆ ಅದಕ್ಕೂ ತುಂಬಿಸಿ ಹಾಕಿ. ಸ್ಪಾರ್ಕ್ ಪ್ಲಗ್ ಎಲ್ಲಾ ಬಿಚ್ಚಿ. ಫ್ಯೂಯಲ್ ಪಂಪ್ ಫ್ಯೂಸ್ ತೆಗೆಯಿರಿ, ಇಗ್ನಿಷನ್ ಕಾಯಿಲ್ ಕನೆಕ್ಟರ್ ಬಿಚ್ಚಿ. ಫ್ಯೂಸ್ ತೆಗೆಯುವುದು ಮರೆತರೆ ಪೆಟ್ರೋಲ್ ಬೋರ್ ಗೋಡೆಯ ಆಯಿಲ್ ತೊಳೆದು ಹಾಕುತ್ತದೆ, ಮೇಲಾಗಿ ಬೆಂಕಿಯ ಅಪಾಯ.

ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ, ಅರ್ಧ ನಿಮಿಷ ಬಿಡಿ, ಮತ್ತೆ ಹೊಡೆಯಿರಿ. ಗೇಜ್ ಮುಳ್ಳು ಏಳಬೇಕು. ಎದ್ದು ನಿಂತ ಮೇಲೂ ಒಂದೆರಡು ಸುತ್ತು ಮಾಡಿ, ಆಯಿಲ್ ಕ್ಯಾಮ್‌ವರೆಗೆ ಏರಲಿ. ವಾಲ್ವ್ ಕವರ್‌ನ ಆಯಿಲ್ ಮುಚ್ಚಳ ತೆಗೆದು ನೋಡಿದರೆ ಒಳಗೆ ಒದ್ದೆಯಾಗಿರುವುದು ಕಾಣಬೇಕು. ನಾಲ್ಕೈದು ಸಲ ಹೊಡೆದರೂ ಮುಳ್ಳು ಏಳದಿದ್ದರೆ ನಿಲ್ಲಿಸಿ. ಆಯಿಲ್ ಪಂಪ್ ಗಾಳಿ ಹಿಡಿದಿರಬಹುದು, ಪಿಕಪ್ ಪೈಪಿನ ಓ-ರಿಂಗ್ ಬಿಟ್ಟುಹೋಗಿರಬಹುದು. ‘ಸ್ಟಾರ್ಟ್ ಆದ ಮೇಲೆ ಬರುತ್ತೆ’ ಅನ್ನುವ ಮಾತು ಕೇಳಬೇಡಿ.

ಟರ್ಬೋ ಇದ್ದರೆ ಅದರ ಆಯಿಲ್ ಫೀಡ್ ಪೈಪ್ ಬಿಚ್ಚಿ, ಆ ತೂತಿಗೆ ಆಯಿಲ್ ಹನಿಸಿ, ಕೈಯಲ್ಲಿ ಟರ್ಬೋ ಚಕ್ರ ತಿರುಗಿಸಿ, ಆಮೇಲೆ ಪೈಪ್ ಹಾಕಿ. ಎಂಜಿನ್ ಕಟ್ಟಿ ಒಂದೆರಡು ತಿಂಗಳು ಸುಮ್ನೆ ಇಟ್ಟಿದ್ದರೆ ಈ ಹಂತವನ್ನು ಸ್ಟಾರ್ಟ್ ಮಾಡುವ ದಿನವೇ ಮತ್ತೆ ಮಾಡಬೇಕು.

ಹಂತ 6: ಮೊದಲ ಅರ್ಧ ಗಂಟೆ

ಕೂಲೆಂಟ್ ತುಂಬಿ ಗಾಳಿ ತೆಗೆದಿರಬೇಕು, ಟೈಮಿಂಗ್ ಸರಿ ಇರಬೇಕು, ಫ್ಯಾನ್ ಕೆಲಸ ಮಾಡಬೇಕು. ಶಟರ್ ಪೂರ್ತಿ ತೆರೆದಿಡಿ, ಸೈಲೆನ್ಸರ್ ಹೊಗೆ ಒಳಗೆ ತುಂಬುವುದು ಪ್ರಾಣಕ್ಕೆ ಅಪಾಯ. ಒಬ್ಬರು ಗೇಜ್ ನೋಡಲಿ, ಇನ್ನೊಬ್ಬರು ಕೆಳಗೆ ಸೋರಿಕೆ ನೋಡಲಿ.

ಫ್ಲ್ಯಾಟ್ ಟ್ಯಾಪೆಟ್ ಆದರೆ ಸ್ಟಾರ್ಟ್ ಆದ ಕೂಡಲೇ 2000 ಆರ್‌ಪಿಎಂಗೆ ಏರಿಸಿ. ಐಡಲ್ ಬಿಡಬೇಡಿ. ಲೋಬ್‌ಗೆ ಆಯಿಲ್ ಸಿಗುವುದು ಕ್ರಾಂಕ್ ಎರಚುವ ಹನಿಗಳಿಂದ, ಐಡಲ್‌ನಲ್ಲಿ ಅದು ಸಾಲದು. 2000ರಿಂದ 2500ರ ನಡುವೆ ಏರಿಸುತ್ತಾ ಇಳಿಸುತ್ತಾ 20ರಿಂದ 30 ನಿಮಿಷ. ಗಟ್ಟಿ ಜೋಡಿ ವಾಲ್ವ್ ಸ್ಪ್ರಿಂಗ್ ಹಾಕಿದ್ದರೆ ಒಳಗಿನ ಸ್ಪ್ರಿಂಗ್ ತೆಗೆದು ಈ ಹಂತ ಮುಗಿಸಿ, ಆಮೇಲೆ ಹಾಕಿಕೊಳ್ಳಿ. ಮಧ್ಯೆ ಬಿಸಿ ಜಾಸ್ತಿಯಾದರೆ ಆಫ್ ಮಾಡಿ, ತಣ್ಣಗಾಗಲಿ, ಮತ್ತೆ ಸ್ಟಾರ್ಟ್ ಮಾಡಿ ನೇರ 2000ಕ್ಕೇ ಹೋಗಿ.

ರೋಲರ್ ಎಂಜಿನ್‌ಗೆ ಇಷ್ಟು ಹೊತ್ತು ನಿಂತಲ್ಲೇ ಓಡಿಸುವುದು ಬೇಡವೇ ಬೇಡ. 1500, 2000ದಲ್ಲಿ ಇಟ್ಟು ಸೋರಿಕೆ, ಪ್ರೆಶರ್, ಬಿಸಿ ನೋಡಿ, ಫ್ಯಾನ್ ಒಂದೆರಡು ಸಲ ಬಂದು ಹೋಗಲಿ, ಅಷ್ಟೇ. ಲೋಡ್ ಇಲ್ಲದೆ ಓಡುವ ಪ್ರತಿ ನಿಮಿಷವೂ ರಿಂಗ್‌ಗೆ ನಷ್ಟ.

ಎಕ್ಸಾಸ್ಟ್ ಪೈಪುಗಳಿಗೆ ಥರ್ಮಾಮೀಟರ್ ಹಿಡಿಯಿರಿ. ಒಂದು ಮಾತ್ರ ತಣ್ಣಗಿದ್ದರೆ ಆ ಸಿಲಿಂಡರ್ ಉರಿಯುತ್ತಿಲ್ಲ, ಸುಡದ ಪೆಟ್ರೋಲ್ ಅದರ ಗೋಡೆ ತೊಳೆಯುತ್ತಿದೆ. ತಕ್ಷಣ ನಿಲ್ಲಿಸಿ ಸರಿ ಮಾಡಿ. ಫೋರ್ಜ್ಡ್ ಪಿಸ್ಟನ್ ತಣ್ಣಗಿರುವಾಗ ಟಕಟಕ ಅನ್ನುತ್ತದೆ, ಅದಕ್ಕೆ ಕ್ಲಿಯರೆನ್ಸ್ ಜಾಸ್ತಿ ಬಿಟ್ಟಿರುತ್ತಾರೆ. ಬಿಸಿಯಾದ ಮೇಲೆ ಆ ಸದ್ದು ಹೋಗಬೇಕು.

ಹಂತ 7: ಬಿಸಿ ಇರುವಾಗಲೇ ಇಳಿಸಿ, ಫಿಲ್ಟರ್ ಕತ್ತರಿಸಿ ನೋಡಿ

ಬೀಸುಕಲ್ಲಿಗೆ ಉಳಿ ಹೊಡೆಸಿದ ಮೇಲೆ ಮೊದಲು ಬಂದ ಹಿಟ್ಟನ್ನು ಎಸೆಯುತ್ತಿದ್ದರಲ್ಲ, ಕಲ್ಲಿನ ಪುಡಿ ಇರುತ್ತದೆ ಅಂತ. ಇದೂ ಹಾಗೇ. ಅರ್ಧ ಗಂಟೆ ಓಡಿದ ಆಯಿಲ್ ನೋಡಲು ಹೊಸದರಂತೆಯೇ ಇದ್ದರೂ ಇಳಿಸಿ. ಮಾಲಿ ಪೇಸ್ಟ್ ಫಿಲ್ಟರ್ ಕಟ್ಟಿಕೊಳ್ಳುವಂತೆ ಮಾಡುತ್ತದೆ, ಫಿಲ್ಟರೂ ಬದಲಿಸಿ.

ಕಟರ್‌ನಿಂದ ಫಿಲ್ಟರ್ ತಲೆ ತೆಗೆಯಿರಿ. ಒಳಗಿನ ಮಡಿಕೆ ಕಾಗದವನ್ನು ಬ್ಲೇಡಿನಿಂದ ಎರಡೂ ತುದಿಯಲ್ಲಿ ಕೊಯ್ದು, ಹಿಂಡಿ, ಬಿಳಿ ಬಟ್ಟೆಯ ಮೇಲೆ ಉದ್ದಕ್ಕೆ ಹರಡಿ ಬಿಸಿಲಿಗೆ ಹಿಡಿಯಿರಿ. ಮಡಿಕೆಗಳ ತಳದಲ್ಲಿ ಕಪ್ಪು ಬೂದು ಕೆಸರು, ಅದರಲ್ಲಿ ಅಲ್ಲಲ್ಲಿ ಮಿನುಗುವ ನುಣ್ಣನೆ ಪುಡಿ ಇದ್ದರೆ ಗಾಬರಿ ಬೇಡ, ಮೊದಲ ಸಲ ಅದು ಇರಲೇಬೇಕು. ಉಗುರಿಗೆ ಸಿಗುವಷ್ಟು ದೊಡ್ಡ ಚೂರು ಇದ್ದರೆ ಮ್ಯಾಗ್ನೆಟ್ ಹಿಡಿಯಿರಿ. ಅಂಟಿದರೆ ಕಬ್ಬಿಣ ಅಥವಾ ಉಕ್ಕು, ಕ್ಯಾಮ್, ಟ್ಯಾಪೆಟ್, ರಿಂಗ್ ಯಾವುದೋ ತಿನ್ನುತ್ತಿದೆ. ಅಂಟದೆ ಬೆಳ್ಳಿ ಬಣ್ಣದ ತೆಳು ಪದರ ಅಥವಾ ತಾಮ್ರದ ಬಣ್ಣ ಕಂಡರೆ ಬೇರಿಂಗ್. ಅಂಥದ್ದು ಕಂಡ ಎಂಜಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ, ಬಿಚ್ಚಿ ನೋಡಿ. ಈಗ ಬಿಚ್ಚಿದರೆ ಬೇರಿಂಗ್ ಸೆಟ್ ಖರ್ಚು, ಆಮೇಲೆ ಬಿಚ್ಚಿದರೆ ಕ್ರಾಂಕ್ ಸಮೇತ.

ಎಲ್ಲಾ ಸರಿ ಇದ್ದರೆ ಅದೇ ರನ್ನಿಂಗ್-ಇನ್ ಆಯಿಲ್, ಹೊಸ ಫಿಲ್ಟರ್.

ಹಂತ 8: ಲೋಡ್ ಕೊಟ್ಟು ಓಡಿಸಿ

ರಿಂಗ್ ಕೂರುವುದು ಇಲ್ಲಿ. ಇಸಿಯು ಮ್ಯಾಪ್ (ಎಂಜಿನ್ ಕಂಪ್ಯೂಟರ್‌ನಲ್ಲಿರುವ ಪೆಟ್ರೋಲ್, ಟೈಮಿಂಗ್ ಲೆಕ್ಕ) ಸುರಕ್ಷಿತವಾಗಿದೆ ಅಂತ ಟ್ಯೂನರ್ ಹತ್ತಿರ ಖಾತ್ರಿ ಮಾಡಿಕೊಂಡೇ ರಸ್ತೆಗೆ ಇಳಿಸಿ. ಪೆಟ್ರೋಲ್ ಜಾಸ್ತಿ ಹೋಗುತ್ತಿದ್ದರೆ ಬೋರ್ ತೊಳೆಯುತ್ತದೆ, ಕಡಿಮೆಯಾದರೆ ಪಿಸ್ಟನ್ ಸುಡುತ್ತದೆ. ಡೈನೋ (ಕಾರನ್ನು ನಿಂತಲ್ಲೇ ಲೋಡ್ ಕೊಟ್ಟು ಓಡಿಸುವ ಯಂತ್ರ) ಸಿಕ್ಕರೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ.

ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೂರನೇ ಗೇರ್‌ನಲ್ಲಿ 2000 ಆರ್‌ಪಿಎಂನಿಂದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಕ್ಸಿಲರೇಟರ್ ಒತ್ತಿ 4000ದವರೆಗೆ ಎಳೆಯಿರಿ. ಅಲ್ಲಿಂದ ಕಾಲು ಪೂರ್ತಿ ತೆಗೆಯಿರಿ, ಗೇರ್‌ನಲ್ಲೇ ಇದ್ದು 2000ಕ್ಕೆ ಇಳಿಯಲಿ. ಎಳೆಯುವಾಗ ಗ್ಯಾಸ್ ರಿಂಗನ್ನು ಗೋಡೆಗೆ ಒತ್ತುತ್ತದೆ. ಬಿಟ್ಟಾಗ ಸಿಲಿಂಡರ್ ಒಳಗಿನ ನಿರ್ವಾತ ಆಯಿಲನ್ನು ಮೇಲೆಳೆದು ಸವೆದ ಪುಡಿ ತೊಳೆಯುತ್ತದೆ. ಎರಡೂ ಬೇಕು. ಹತ್ತು ಹನ್ನೆರಡು ಸಲ ಮಾಡಿ, ಕೆಲವು ನಿಮಿಷ ಸಲೀಸಾಗಿ ಓಡಿಸಿ, ಮತ್ತೆ ಮಾಡಿ. ಆಮೇಲೆ ನಿಧಾನಕ್ಕೆ 4500, 5000ದವರೆಗೆ ಏರಿಸಿ. ವೇಗದ ಮಿತಿ ದಾಟುವ ಅಗತ್ಯ ಇಲ್ಲ, ಗೇರ್ ಕೆಳಗಿನದು ಇಟ್ಟುಕೊಂಡರೆ ಸಾಕು.

ಎಲ್ಲಿ? ಪುಣೆಯವರಿಗೆ ಭಾನುವಾರ ನಸುಕಿನಲ್ಲಿ ಸತಾರಾ ರಸ್ತೆ ಒಳ್ಳೆಯದು. ಹೋಗುವಾಗ ಖಂಬಾಟ್ಕಿ ಘಾಟ್ ಏರು ಎಂಜಿನ್‌ಗೆ ಲೋಡ್ ಕೊಡುತ್ತದೆ. ಮುಂಬೈನವರು ಪನ್ವೇಲ್ ದಾಟಿ ಖೋಪೋಲಿ ಕಡೆಗಿನ ಹಳೆ ಹೆದ್ದಾರಿ ಹಿಡಿಯಿರಿ, ಅಲ್ಲಿಯವರೆಗೆ ಟ್ರಾಫಿಕ್ ಇಲ್ಲದ ಹೊತ್ತಿಗೆ ಹೊರಡಿ. ಎಕ್ಸ್‌ಪ್ರೆಸ್‌ವೇ ಬೇಡ. ಅಲ್ಲಿ ಒಂದೇ ವೇಗದಲ್ಲಿ ಹೋಗಬೇಕು, ಹಿಂದಿನ ಗಾಡಿಗಳಿಗೆ ನೀವು ಏರಿಳಿಸುವುದು ಅಪಾಯ. ಗೋವಾದವರಿಗೆ ಮೊಲೇಮ್ ದಾಟಿದರೆ ಅನ್ಮೋಡ್ ಘಾಟ್ ಇದೆ. ಮಳೆಗಾಲದಲ್ಲಿ ಮಾತ್ರ ಈ ಘಾಟ್‌ಗಳಲ್ಲಿ ಇದನ್ನು ಮಾಡಲೇಬೇಡಿ. ಆಗಸ್ಟ್‌ನಲ್ಲಿ ಎಂಜಿನ್ ಕಟ್ಟಿ ಮುಗಿದಿದ್ದರೆ ಮಳೆ ನಿಲ್ಲುವವರೆಗೆ ಕಾಯಿರಿ, ಅಥವಾ ಡೈನೋಗೆ ಹೋಗಿ.

ನಮ್ಮವರು ಮಾಡುವ ದೊಡ್ಡ ತಪ್ಪು ಒಂದಿದೆ. ಶುಕ್ರವಾರ ಎಂಜಿನ್ ಕೂರಿಸಿ, ಶನಿವಾರ ಬೆಳಿಗ್ಗೆ ಮನೆಮಂದಿಯನ್ನೆಲ್ಲಾ ಕೂರಿಸಿಕೊಂಡು ಬೆಳಗಾವಿಗೋ ಹುಬ್ಬಳ್ಳಿಗೋ ಹೊರಡುವುದು, ಐದನೇ ಗೇರ್‌ನಲ್ಲಿ 80ರಲ್ಲಿ ಹಿಡಿದು ‘ರನ್ನಿಂಗ್ ಮಾಡ್ತಿದೀನಿ’ ಅನ್ನುವುದು. ಗಂಟೆಗಟ್ಟಲೆ ಒಂದೇ ವೇಗ, ಕಡಿಮೆ ಲೋಡ್. ಗ್ಲೇಜ್ ಆಗಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಮುಂಬೈನ ಸಾಯನ್ ಸರ್ಕಲ್‌ನಲ್ಲೋ ಪುಣೆಯ ಹಿಂಜವಡಿಯಲ್ಲೋ ಟ್ರಾಫಿಕ್‌ನಲ್ಲಿ ಐಡಲ್ ನಿಲ್ಲುವುದೂ ಅಷ್ಟೇ ಕೆಟ್ಟದ್ದು. ಊರಿಗೆ ಹೋಗುವುದನ್ನು ಎರಡನೇ ಬಾರಿ ಆಯಿಲ್ ಬದಲಿಸುವವರೆಗೆ ಮುಂದಕ್ಕೆ ಹಾಕಿ.

ಹಂತ 9: ಸಿಂಥೆಟಿಕ್‌ಗೆ ಯಾವಾಗ ಹೋಗಬೇಕು

ಲೋಡ್ ಕೊಟ್ಟು ಓಡಿಸಿದ ಮೇಲೆ 200, 300 ಕಿ.ಮೀ. ಆಗುವಷ್ಟರಲ್ಲಿ ಎರಡನೇ ಬಾರಿ ಆಯಿಲ್ ಇಳಿಸಿ, ಫಿಲ್ಟರ್ ಕತ್ತರಿಸಿ. ಮಿನುಗು ಮೊದಲಿಗಿಂತ ಕಡಿಮೆ ಇರಬೇಕು. ಮೂರನೇ ತುಂಬು ಮಿನರಲ್‌ನದೇ, ಅದನ್ನು ಸುಮಾರು 1000 ಕಿ.ಮೀ.ವರೆಗೆ ಓಡಿಸಿ. ರನ್ನಿಂಗ್-ಇನ್ ಆಯಿಲನ್ನು ಅದಕ್ಕಿಂತ ಬಹಳ ಮುಂದೆ ಎಳೆಯಬೇಡಿ, ಅದರಲ್ಲಿ ಕೊಳೆ ತೊಳೆಯುವ ಗುಣ ಕಡಿಮೆ.

ಕಿಲೋಮೀಟರ್ ಒಂದೇ ನೋಡಿ ಸಿಂಥೆಟಿಕ್‌ಗೆ ಹೋಗಬೇಡಿ. ಡಿಪ್‌ಸ್ಟಿಕ್ ಗೆರೆ ಪ್ರತಿ ಪೆಟ್ರೋಲ್ ತುಂಬಿಸುವಾಗ ಬರೆದಿಡಿ. ಆಯಿಲ್ ಇಳಿಯುವುದು ನಿಂತಿರಬೇಕು. ಬಿಸಿ ಎಂಜಿನ್‌ನಲ್ಲಿ ಕಂಪ್ರೆಷನ್ ಅಳೆದರೆ ಸಿಲಿಂಡರ್‌ಗಳ ನಡುವೆ ಹತ್ತು ಶೇಕಡಾಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಲೀಕ್‌ಡೌನ್ ಹತ್ತು ಶೇಕಡಾದ ಒಳಗೆ ಇರಬೇಕು. ಇವು ಮೂರೂ ಸರಿ ಇದ್ದರೆ ಕಾರಿನ ಪುಸ್ತಕದಲ್ಲಿ ಹೇಳಿದ ಒಪ್ಪಿಗೆ ಇರುವ ಸಿಂಥೆಟಿಕ್ ಹಾಕಿ. ಫೋಕ್ಸ್‌ವ್ಯಾಗನ್ ಪೆಟ್ರೋಲ್ ಎಂಜಿನ್ ಆದರೆ ‘ವಿಡಬ್ಲ್ಯೂ 502.00’ ಥರದ ಸಂಖ್ಯೆ ಕ್ಯಾನ್ ಮೇಲೆ ಇರುತ್ತದೆ, ಅದನ್ನು ಹುಡುಕಿ. ಸರಿ ಇಲ್ಲದಿದ್ದರೆ ಇನ್ನೊಂದು ಸಲ ಮಿನರಲ್ ತುಂಬಿ ಹಂತ 8 ಮತ್ತೆ ಮಾಡಿ. ಕ್ರೋಮ್ ರಿಂಗ್ ಇದ್ದವರು ಇದಕ್ಕೆ ಮೊದಲೇ ತಯಾರಾಗಿರಿ.

ಹೀಗೆ ಕಂಡರೆ ತಡ ಮಾಡಬೇಡಿ

ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ರಿಂಗ್ ಕೂತಿಲ್ಲ. ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದ ಕ್ಷಣ ಮಾತ್ರ ಬಂದರೆ ರಿಂಗ್ ಬಿಟ್ಟು ವಾಲ್ವ್ ಸೀಲ್, ಗೈಡ್ ನೋಡಿಸಿ. ಬಹಳ ಜನ ಇದನ್ನು ತಿಳಿಯದೆ ಮತ್ತೆ ಎಂಜಿನ್ ಪೂರ್ತಿ ಇಳಿಸಿಬಿಡುತ್ತಾರೆ.

ಬಿಸಿ ಎಂಜಿನ್‌ನಲ್ಲಿ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಪ್ರೆಶರ್ ಇರಬೇಕು ಅನ್ನುವುದು ಹಳೆಯ ಲೆಕ್ಕ. ಅದಕ್ಕಿಂತ ಕೆಳಗೆ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ದಪ್ಪ ಆಯಿಲ್ ಹಾಕಿ ಮುಚ್ಚಿಡಬೇಡಿ, ಬೇರಿಂಗ್ ನೋಡಿಸಿ. ಒಂದೇ ಕಡೆಯಿಂದ ಟಿಕ್ ಟಿಕ್ ಸದ್ದು ಬಂದು ಜಾಸ್ತಿಯಾಗುತ್ತಿದ್ದರೆ ಆ ಲೋಬ್ ಸವೆಯುತ್ತಿದೆ. ಡಿಪ್‌ಸ್ಟಿಕ್‌ನಲ್ಲಿ ಪೆಟ್ರೋಲ್ ವಾಸನೆ ಬಂದರೆ ಮ್ಯಾಪ್ ಅಥವಾ ಇಂಜೆಕ್ಟರ್. ಆಯಿಲ್ ಹಾಲು ಬೆರೆತ ಚಹಾ ಬಣ್ಣಕ್ಕೆ ತಿರುಗಿದರೆ ಕೂಲೆಂಟ್ ಸೇರಿದೆ, ಅಲ್ಲೇ ನಿಲ್ಲಿಸಿ.

ಈಗಾಗಲೇ ಸಿಂಥೆಟಿಕ್ ಹಾಕಿ ಓಡಿಸಿಬಿಟ್ಟಿದ್ದೀರಾ? ಓಡಿದ್ದು ಕೆಲವು ನೂರು ಕಿ.ಮೀ. ಆಗಿದ್ದರೆ ಇನ್ನೂ ಪ್ರಯತ್ನಿಸಬಹುದು. ಅದನ್ನು ಇಳಿಸಿ, ಮಿನರಲ್ ರನ್ನಿಂಗ್-ಇನ್ ಆಯಿಲ್ ತುಂಬಿ ಹಂತ 8ರಿಂದ ಶುರು ಮಾಡಿ. ಎಂಜಿನ್ ಫ್ಲಶ್ ಹಾಕಬೇಡಿ. ಅದಾದ ಮೇಲೂ ಆಯಿಲ್ ಇಳಿಯುವುದು ನಿಲ್ಲದಿದ್ದರೆ ಗ್ಲೇಜ್ ಗಟ್ಟಿಯಾಗಿದೆ. ಹೆಡ್ ತೆಗೆದು ಬೋರ್ ಅಳೆಸಿ. ಅಳತೆ ಸರಿ ಇದ್ದರೆ ಹಗುರವಾಗಿ ಮತ್ತೆ ಹೋನಿಂಗ್ ಮಾಡಿಸಿ ಹೊಸ ರಿಂಗ್ ಹಾಕಿದರೆ ಸಾಕು, ಪಿಸ್ಟನ್ ಉಳಿಯುತ್ತದೆ.

ಇಳಿಸಿದ ಹಳೆ ಆಯಿಲ್ ಎಲ್ಲಾ ಸೇರಿ ಹತ್ತು ಲೀಟರ್ ದಾಟುತ್ತದೆ. ಚರಂಡಿಗೆ, ನಾಲೆಗೆ ಸುರಿಯಬೇಡಿ. ಕ್ಯಾನಿನಲ್ಲಿ ತುಂಬಿ, ಹಳೆ ಆಯಿಲನ್ನು ಡ್ರಮ್‌ನಲ್ಲಿ ಕೂಡಿಸಿ ಅಧಿಕೃತ ಮರುಬಳಕೆಯವರಿಗೆ ಕೊಡುವ ಸರ್ವಿಸ್ ಸೆಂಟರ್‌ಗೆ ಕೊಡಿ. ಫಿಲ್ಟರ್‌ನ ಬಿಚ್ಚಿದ ಕಾಗದವನ್ನು ಮಾತ್ರ ತಾರೀಕು, ಕಿಲೋಮೀಟರ್ ಬರೆದು ಒಂದೊಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಳ್ಳಿ. ಮುಂದೆ ಯಾವುದಾದರೂ ತೊಂದರೆ ಬಂದರೆ ಎಂಜಿನ್ ಕಟ್ಟಿದವರ ಮುಂದೆ ಸಾಲಾಗಿ ಇಟ್ಟು ತೋರಿಸಲು ಬೇಕಾಗುತ್ತದೆ.